ಆಲಿವ್ ಎಣ್ಣೆಯ ಸೀಸೆ ಮತ್ತು ಒಗ್ಗರಣೆ ಸೌಟು

ಕೋಲಾರದ ನನ್ನ ಸಲಹಾ ಕೊಠಡಿಗೆ ತೂಕ ಇಳಿಸಬೇಕೆಂದು ಬರುವವರಲ್ಲಿ ಹಲವರು ಈಚೆಗೆ ಕೈಚೀಲದಲ್ಲಿ ಕಡು ಹಸಿರು ಬಣ್ಣದ ಒಂದು ಸೀಸೆಯನ್ನು ಇಟ್ಟುಕೊಂಡೇ ಬರುತ್ತಾರೆ. ಅದನ್ನು ಮೇಜಿನ ಮೇಲಿಟ್ಟು, "ಮೇಡಂ, ಎರಡು ತಿಂಗಳಿಂದ ಮೆಡಿಟರೇನಿಯನ್ ಡಯಟ್ ಮಾಡ್ತಿದೀನಿ, ಮನೆಯಲ್ಲೇ ಅರ್ಧ ಗಂಟೆ ವಾಕಿಂಗೂ ಮಾಡ್ತೀನಿ, ಆದ್ರೂ ತೂಕ ಒಂದು ಗ್ರಾಮೂ ಇಳಿದಿಲ್ಲ" ಎನ್ನುತ್ತಾರೆ. ಮೆಡಿಟರೇನಿಯನ್ ಡಯಟ್ ಎಂದರೆ ಗ್ರೀಸ್, ಇಟಲಿಯಂಥ ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರ ಹಳೆಯ ಊಟದ ಕ್ರಮ; ಕಾಳು, ಸೊಪ್ಪು, ತರಕಾರಿ, ಮೀನು ಮತ್ತು ಆಲಿವ್ ಎಣ್ಣೆ ಅದರಲ್ಲಿ ಮುಖ್ಯ. ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ಎಣ್ಣೆ ಮನೆಗೆ ಬಂದ ಮೇಲೆ ಯಾವ ಎಣ್ಣೆಯನ್ನು ಬಿಟ್ಟಿರಿ? ಈ ಪ್ರಶ್ನೆಗೆ ಉತ್ತರ ಬರುವುದು ತೀರಾ ಅಪರೂಪ. ಯಾವುದನ್ನೂ ಬಿಟ್ಟಿರುವುದಿಲ್ಲ. ಮೊದಲು ತಿನ್ನುತ್ತಿದ್ದುದೆಲ್ಲ ಹಾಗೆಯೇ ಇದ್ದು, ಅದರ ಮೇಲೆ ಇದೂ ಒಂದು ಸೇರಿಕೊಂಡಿರುತ್ತದೆ.

ಬಂಗಾರಪೇಟೆ ಕಡೆಯಿಂದ ಬಂದಿದ್ದ ಶಿಕ್ಷಕಿಯೊಬ್ಬರ ವಿಷಯ ಹೇಳುತ್ತೇನೆ. ಐವತ್ತನಾಲ್ಕು ವರ್ಷ, 76 ಕಿಲೋ ತೂಕ, ಮೊಣಕಾಲು ನೋವು ಆಗತಾನೇ ಶುರುವಾಗಿತ್ತು. ಯಾವುದೇ ಸಲಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ತಪ್ಪದೆ ಪಾಲಿಸುವ ಶಿಸ್ತಿನ ಹೆಂಗಸು. ಮಧ್ಯಾಹ್ನ ಮುದ್ದೆಗೆ ಹಾಕಿಕೊಳ್ಳುವ ಬಸ್ಸಾರಿನ ಮೇಲೆ ಒಂದು ಚಮಚ, ರಾತ್ರಿ ಚಪಾತಿಯ ಪಲ್ಯದ ಮೇಲೆ ಇನ್ನೊಂದು ಚಮಚ ಆಲಿವ್ ಎಣ್ಣೆ ಸುರಿದುಕೊಳ್ಳುತ್ತಿದ್ದುದಾಗಿ ಅದರಲ್ಲಿ ಬರೆದಿದ್ದರು. ಮುಂದಿನ ಸಲ ಬರುವಾಗ ಆ ಚಮಚವನ್ನೇ ತನ್ನಿ ಎಂದು ಹೇಳಿ ಕಳಿಸಿದೆ. ಅವರು ತಂದದ್ದು ಒಗ್ಗರಣೆಗೆ ಬಳಸುವ ಸಣ್ಣ ಸೌಟು. ಗ್ರಾಮು ತೋರಿಸುವ ತಕ್ಕಡಿಯ ಮೇಲೆ ಖಾಲಿ ಬಟ್ಟಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಅವರ ಕೈಯಿಂದಲೇ ಒಂದು ಸೌಟು ಎಣ್ಣೆ ಹಾಕಿಸಿದೆ. ತಕ್ಕಡಿ 22 ಗ್ರಾಂ ತೋರಿಸಿತು. ಅವರು ಬಟ್ಟಲನ್ನು ಎತ್ತಿ ಒಮ್ಮೆ ಓರೆ ಮಾಡಿ ನೋಡಿದರು. ಎಣ್ಣೆ ತಳದಲ್ಲಿ ಸ್ವಲ್ಪವೇ ಹರಡಿಕೊಂಡಿತ್ತು, ನೋಡುವುದಕ್ಕೆ ಏನೂ ಇರಲಿಲ್ಲ.

ಒಂದು ಗ್ರಾಂ ಎಣ್ಣೆ ಒಂಬತ್ತು ಕ್ಯಾಲೊರಿ ಕೊಡುತ್ತದೆ. ಅದು ಕಡಲೇಕಾಯಿ ಎಣ್ಣೆಯಾಗಿರಲಿ, ಸೂರ್ಯಕಾಂತಿ ಎಣ್ಣೆಯಾಗಿರಲಿ, ದುಬಾರಿ ಆಲಿವ್ ಎಣ್ಣೆಯಾಗಿರಲಿ, ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಕೊಬ್ಬಿನ ಬಗೆ ಬೇರೆಯಾದರೆ ಹೃದಯಕ್ಕೂ ರಕ್ತನಾಳಕ್ಕೂ ಆಗುವ ಪರಿಣಾಮ ಬೇರೆಯಾಗುತ್ತದೆ, ಆದರೆ ತೂಕದ ಮಟ್ಟಿಗೆ ಎಣ್ಣೆ ಎಣ್ಣೆಯೇ. ಎರಡು ಸೌಟಿಗೆ 44 ಗ್ರಾಂ, ಅಂದರೆ ಸುಮಾರು 400 ಕ್ಯಾಲೊರಿ. ಅವರಷ್ಟು ತೂಕದವರು ಅರ್ಧ ಗಂಟೆ ಸಾಧಾರಣ ಚುರುಕಿನಿಂದ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ, ಅದರಲ್ಲೂ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಪಾಲು ಸೇರಿರುತ್ತದೆ. ಈ ಅಂಕಿಗಳು ವಯಸ್ಸು, ಮೈಕಟ್ಟು ಮತ್ತು ನಡಿಗೆಯ ವೇಗಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತವೆ, ಆದ್ದರಿಂದ ಇವನ್ನು ಅಂದಾಜು ಎಂದೇ ತಿಳಿಯಬೇಕು. ಅಂದಾಜಾದರೂ ಆ ತಾಯಿಯ ತೂಕ ಏಕೆ ಇಳಿಯಲಿಲ್ಲ ಎಂಬುದನ್ನು ಹೇಳಲು ಅಷ್ಟು ಸಾಕು.

ಆಲಿವ್ ಎಣ್ಣೆ ಸೇರಿಸಿಕೊಂಡರೆ ಸಾಕು, ತೂಕ ಇಳಿಯುತ್ತದೆ ಎಂಬ ಈ ತಪ್ಪು ತಿಳಿವಳಿಕೆ ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತಿದೆ, ಹಾಗಾಗಿ ಜನರ ಮೇಲೆ ಕೋಪ ಬರುವುದಿಲ್ಲ. ಅರ್ಧ ಮಾತು ಹೇಳಿ ಬಿಡುವ ವಿಡಿಯೋಗಳ ಮೇಲೆ ಬರುತ್ತದೆ. ಸ್ಪೇನ್ ದೇಶದಲ್ಲಿ ಪ್ರೆಡಿಮೆಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಹೃದ್ರೋಗದ ಅಪಾಯ ಹೆಚ್ಚಾಗಿದ್ದ 7,447 ಮಂದಿ ಅದರಲ್ಲಿದ್ದರು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶವನ್ನು ವಿಧಾನದ ಲೋಪಗಳ ಕಾರಣ ಹಿಂಪಡೆದು, ಮತ್ತೆ ವಿಶ್ಲೇಷಿಸಿ 2018ರಲ್ಲಿ ಪುನಃ ಪ್ರಕಟಿಸಲಾಯಿತು. ಅದರಲ್ಲಿ ಒಂದು ಗುಂಪಿಗೆ ಆಲಿವ್ ಎಣ್ಣೆಯನ್ನು ಧಾರಾಳವಾಗಿಯೇ ಕೊಟ್ಟಿದ್ದರು, ಆ ಗುಂಪಿನಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂಥ ತೊಂದರೆಗಳು ಕಡಿಮೆಯಾದದ್ದೂ ನಿಜ. ಆದರೆ ಅದು ತೂಕ ಇಳಿಸುವ ಅಧ್ಯಯನವಾಗಿರಲಿಲ್ಲ. ಕ್ಯಾಲೊರಿ ಕಡಿಮೆ ಮಾಡಿ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ತೂಕವನ್ನೇ ಗುರಿಯಾಗಿಟ್ಟುಕೊಂಡ ಇನ್ನೊಂದು ಅಧ್ಯಯನ ಇಸ್ರೇಲಿನ ಡಿಮೋನಾದಲ್ಲಿ 322 ಜನರ ಮೇಲೆ ಎರಡು ವರ್ಷ ನಡೆದು 2008ರಲ್ಲಿ ಪ್ರಕಟವಾಯಿತು. ಅಲ್ಲಿ ಮೆಡಿಟರೇನಿಯನ್ ಗುಂಪಿನವರಿಗೆ ಸರಾಸರಿ 4.4 ಕಿಲೋ ಇಳಿಯಿತು. ಆ ಗುಂಪಿನ ಹೆಂಗಸರಿಗೆ ದಿನಕ್ಕೆ 1,500 ಕ್ಯಾಲೊರಿ, ಗಂಡಸರಿಗೆ 1,800 ಕ್ಯಾಲೊರಿ ಎಂಬ ಮಿತಿ ಇತ್ತು, ಆಲಿವ್ ಎಣ್ಣೆಯೂ ಬೀಜಗಳೂ ಆ ಮಿತಿಯೊಳಗೇ ಬರಬೇಕಿತ್ತು. ಎರಡು ವರ್ಷಕ್ಕೆ ಸುಮಾರು ನಾಲ್ಕೂವರೆ ಕಿಲೋ ಎಂಬುದನ್ನೂ ಗಮನಿಸಿ. ತಿಂಗಳಿಗೆ ಹತ್ತು ಕಿಲೋ ಎಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ.

1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಅವರ ಜೊತೆಗಾರರು ಈ ಊಟದ ಕ್ರಮವನ್ನು ತಿಳಿಯಲು ಅಧ್ಯಯನ ಮಾಡಿದ, ಗ್ರೀಸ್ ದೇಶದ ಕ್ರೀಟ್ ದ್ವೀಪದ ಹಳ್ಳಿಗರು ಎಣ್ಣೆಯನ್ನು ಕಡಿಮೆಯೇನೂ ತಿನ್ನುತ್ತಿರಲಿಲ್ಲ. ಆದರೆ ಅವರು ಹೊಲದಲ್ಲಿ ದುಡಿಯುತ್ತಿದ್ದರು, ಮಾಂಸ ಮತ್ತು ಸಿಹಿ ಅವರಿಗೆ ಅಪರೂಪವಾಗಿತ್ತು, ಕಾಳು ಮತ್ತು ಸೊಪ್ಪು ದಿನನಿತ್ಯದ ಊಟವಾಗಿತ್ತು. ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಬಗೆಬಗೆಯ ಸೊಪ್ಪನ್ನು ಕಿತ್ತು ಬೇಯಿಸಿ ತಿನ್ನುವುದು ಗ್ರೀಕರಲ್ಲಿ ಇಂದಿಗೂ ಇದೆ, ಅದನ್ನು ಅವರು ಹೋರ್ಟಾ ಎನ್ನುತ್ತಾರೆ. ಮಳೆ ಬಿದ್ದ ಮೇಲೆ ನಮ್ಮ ಹೊಲದ ಬದುಗಳಲ್ಲಿ ಹೆಂಗಸರು ಮಡಿಲು ತುಂಬ ಕಿತ್ತು ತರುವ ಬೆರಕೆ ಸೊಪ್ಪನ್ನು ನೆನೆದುಕೊಂಡರೆ ಕ್ರೀಟ್ ನಮಗೆ ಅಷ್ಟೇನೂ ದೂರವಲ್ಲ ಅನಿಸುತ್ತದೆ. ನಮ್ಮ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಅವರೆ, ಹುರುಳಿ, ಹೆಸರುಕಾಳು, ಕೆರೆಯ ಮೀನು, ಕಡಲೇಕಾಯಿ ಇಷ್ಟಿದ್ದರೆ ಆ ಕ್ರಮದ ಮುಕ್ಕಾಲು ಪಾಲು ಮನೆಯಲ್ಲೇ ಇದ್ದಂತೆ. ಗಾಣದ ಕಡಲೇಕಾಯಿ ಎಣ್ಣೆಯಲ್ಲಿ, ಆಲಿವ್ ಎಣ್ಣೆಯಷ್ಟಲ್ಲದಿದ್ದರೂ, ಅದರಲ್ಲಿರುವ ಮುಖ್ಯ ಕೊಬ್ಬಿನಂಶವಾದ ಓಲಿಕ್ ಆಮ್ಲ ಸಾಕಷ್ಟಿದೆ. ಕೈಯಲ್ಲಿ ಹಣವಿದ್ದು ಆಲಿವ್ ಎಣ್ಣೆಯನ್ನೇ ಕೊಳ್ಳುತ್ತೇನೆಂದರೆ ನನ್ನ ಅಡ್ಡಿಯಿಲ್ಲ, ಆದರೆ ಅದಕ್ಕಾಗಿ ಸಾಲ ಮಾಡಬೇಡಿ.

ಹಾಗಾದರೆ ಮಾಡಬೇಕಾದದ್ದೇನು ಎಂದರೆ ಬದಲಿಸುವುದು. ಬದಲಿಗೆ ಎಂಬ ಈ ಒಂದು ಪದವನ್ನು ನಾನು ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ಮುದ್ದೆಯಾದ ಮೇಲೆ ಸಾರನ್ನ, ಆಮೇಲೆ ಮಜ್ಜಿಗೆ ಅನ್ನ ಎಂದು ಎರಡು ಸಲ ಅನ್ನ ಬಡಿಸಿಕೊಳ್ಳುವವರು ಒಂದು ಸಲದ ಅನ್ನದ ಬದಲಿಗೆ ಒಂದು ಬಟ್ಟಲು ಕಾಳಿನ ಪಲ್ಯ ಅಥವಾ ಸೊಪ್ಪನ್ನು ಇಟ್ಟುಕೊಳ್ಳಬೇಕು. ಸಂಜೆಯ ಬೋಂಡಾ ಬಿಸ್ಕತ್ತಿನ ಬದಲಿಗೆ ಒಂದು ಹಿಡಿ ಕಡಲೇಕಾಯಿ ತಿನ್ನಬಹುದು, ಆದರೆ 30 ಗ್ರಾಂ ಬೀಜದಲ್ಲೇ ಸುಮಾರು 170 ಕ್ಯಾಲೊರಿ ಇರುವುದರಿಂದ ಬೋಂಡಾವನ್ನೂ ತಿಂದು ಟಿವಿ ಮುಂದೆ ಕಡಲೇಕಾಯಿಯನ್ನೂ ತಿಂದರೆ ಅದು ಮತ್ತೆ ಹಳೆಯ ಕಥೆಯೇ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 40 ಮಿಲಿಲೀಟರ್‌ಗೂ ಹೆಚ್ಚು ಹೋಗುತ್ತಿದೆ ಎಂದರ್ಥ. ಆ ಮನೆಯಲ್ಲಿ ಹೊಸ ಸೀಸೆ ತೆರೆಯುವ ಮೊದಲು ಹಳೆಯ ಕ್ಯಾನು ಚಿಕ್ಕದಾಗಬೇಕು. ಇನ್ನು ಮೆಡಿಟರೇನಿಯನ್ ಊಟದಲ್ಲಿ ವೈನ್ ಕೂಡ ಇರುತ್ತದಲ್ಲ, ಕುಡಿಯಬಹುದೇ ಎಂದು ಕೇಳುವ ಗಂಡಸರಿಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಆರೋಗ್ಯಕ್ಕಾಗಿ ಎಂದು ಯಾರೂ ಕುಡಿಯಲು ಆರಂಭಿಸಬೇಕಾಗಿಲ್ಲ.

ಮನೆಯೊಳಗಿನ ನಡಿಗೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೀದಿನಾಯಿಗಳಿಗೂ ಕತ್ತಲಿಗೂ ಅಕ್ಕಪಕ್ಕದವರ ಮಾತಿಗೂ ಹೆದರಿ ಹೊರಗೆ ಕಾಲಿಡದ ನಮ್ಮೂರ ಹೆಂಗಸರು ಹಜಾರದಲ್ಲೋ ತಾರಸಿಯ ಮೇಲೋ ಮೊಬೈಲಿನ ವಿಡಿಯೋ ನೋಡುತ್ತ ನಿಂತಲ್ಲೇ ಹೆಜ್ಜೆ ಹಾಕುವುದನ್ನು ಕಲಿತಿರುವುದು ಸಣ್ಣ ವಿಷಯವಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಚುರುಕಿನ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದು ಹಜಾರದಲ್ಲೂ ಆಗುತ್ತದೆ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡು ಹೇಳಲು ಉಸಿರು ಸಾಲದಂತಿರಬೇಕು, ಅಷ್ಟು ವೇಗ ಸಾಕು. ಆದರೆ ಇಲ್ಲಿಯೂ ಅದೇ ತಪ್ಪು ನುಸುಳುತ್ತದೆ. ಬೆಳಿಗ್ಗೆ ಅರ್ಧ ಗಂಟೆ ನಡೆದಾಯಿತಲ್ಲ ಎಂದು ಉಳಿದ ದಿನವೆಲ್ಲ ಕುಳಿತೇ ಇರುವವರು, ಹಾಲು ತರಲು ಮೂಲೆಯ ಅಂಗಡಿಗೂ ಮಗನನ್ನು ಸ್ಕೂಟರಿನಲ್ಲಿ ಕಳಿಸುವವರು, ನಡೆದು ಬಂದ ಹಸಿವಿಗೆ ಇನ್ನೊಂದು ದೋಸೆ ಹಾಕಿಸಿಕೊಳ್ಳುವವರು ನನ್ನ ಬಳಿ ಬಹಳ ಮಂದಿ ಇದ್ದಾರೆ. ನಡಿಗೆ ಬರಬೇಕಾದದ್ದು ಕುಳಿತುಕೊಳ್ಳುವ ಹೊತ್ತಿನ ಬದಲಿಗೆ. ಸಂಜೆಯ ಎರಡು ಧಾರಾವಾಹಿಗಳಲ್ಲಿ ಒಂದನ್ನು ನಿಂತು ಹೆಜ್ಜೆ ಹಾಕುತ್ತಲೇ ನೋಡಿ ಎಂದು ನಾನು ಹೇಳುವುದು ಅದಕ್ಕಾಗಿಯೇ.

ಎಚ್ಚರಿಕೆಯ ಮಾತುಗಳನ್ನು ಹೇಳದೆ ಬಿಡುವಂತಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಆದ್ದರಿಂದ ಔಷಧಿಯ ಪ್ರಮಾಣದ ಬಗ್ಗೆ ತಮ್ಮ ವೈದ್ಯರೊಡನೆ ಮೊದಲೇ ಮಾತನಾಡಬೇಕು. ಮೂತ್ರಪಿಂಡದ ತೊಂದರೆಯಿರುವವರು ಕಾಳು, ಸೊಪ್ಪು, ಬೀಜಗಳನ್ನು ತಾವಾಗಿಯೇ ಹೆಚ್ಚಿಸಬಾರದು. ಮಧುಮೇಹದಿಂದ ಪಾದ ಜೋಮು ಹಿಡಿದಿರುವವರು ಮನೆಯೊಳಗಾದರೂ ಬರಿಗಾಲಿನಲ್ಲಿ ನಡೆಯಬಾರದು. ಮನೆಯಲ್ಲಿ ಚಪ್ಪಲಿ ಹಾಕುವುದು ನಮಗೆ ಒಗ್ಗುವುದಿಲ್ಲವೆಂಬುದು ನನಗೆ ಗೊತ್ತು, ಹಾಗಾಗಿ ಒಳಗಿನ ಬಳಕೆಗೆಂದೇ ಒಂದು ಜೊತೆ ಬೇರೆ ಇಟ್ಟುಕೊಳ್ಳಿ ಎನ್ನುತ್ತೇನೆ.

ಆ ಶಿಕ್ಷಕಿ ಅಂದು ಸೌಟನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ಏನೂ ಮಾತನಾಡದೆ ಹೊರಟಾಗ ಬೇಸರ ಮಾಡಿಕೊಂಡರೇನೋ ಎಂದು ನನಗೆ ಅನಿಸಿತ್ತು. ಮುಂದಿನ ತಿಂಗಳು ಬಂದಾಗ ಅವರ ನೋಟ್‌ಬುಕ್ಕಿನಲ್ಲಿ ಹೊಸದೊಂದು ಪುಟವಿತ್ತು. ಅಡುಗೆಮನೆಯ ಎಣ್ಣೆಯ ಡಬ್ಬಿಗೆ ಬಿಳಿ ಪ್ಲಾಸ್ಟರಿನ ಪಟ್ಟಿ ಅಂಟಿಸಿ, ಪ್ರತಿ ಭಾನುವಾರ ಎಣ್ಣೆಯ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು, ಆ ವಾರ ಎಷ್ಟು ಖರ್ಚಾಯಿತು ಎಂದು ಬರೆದಿದ್ದರು. ಮನೆಯ ಎಣ್ಣೆ ಅರ್ಧಕ್ಕಿಳಿದಿತ್ತು, ರಾತ್ರಿಯ ಅನ್ನದ ಜಾಗಕ್ಕೆ ಹುರುಳಿಕಾಳು ಬಂದಿತ್ತು. ನಾಲ್ಕು ತಿಂಗಳಿಗೆ ಮೂರು ಕಿಲೋ ಇಳಿದರು. ಆಲಿವ್ ಎಣ್ಣೆಯ ಸೀಸೆಯನ್ನು ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, ಭಾನುವಾರ ಸೌತೆಕಾಯಿ ಟೊಮೆಟೊ ಕೋಸಂಬರಿಗೆ ಒಗ್ಗರಣೆಯ ಬದಲು ಒಂದು ಟೀ ಚಮಚ ಹಾಕುತ್ತೇನೆ, ಇನ್ನೂ ಅರ್ಧ ಸೀಸೆ ಇದೆ ಎಂದರು.