ಬೆಂಕಿಯಲ್ಲಿ ಮುಗಿದ ಕಥೆ, ಹಿಮದಲ್ಲಿ ಮುಗಿದ ಸಿನಿಮಾ

ಹೆದರಿಸುವ ಕಥೆಗಳಿಗೆ ಹೆಸರಾದ ಸ್ಟೀಫನ್ ಕಿಂಗ್ ಬರೆದ ‘ದಿ ಶೈನಿಂಗ್’ ಕಾದಂಬರಿಯ ಕೊನೆಯಲ್ಲಿ ನೆಲಮಾಳಿಗೆಯ ಹಳೆಯ ಬಾಯ್ಲರ್ ಸಿಡಿದು ಹೋಟೆಲಿಗೆ ಹೋಟೆಲೇ ಉರಿದುಹೋಗುತ್ತದೆ. ಕುಡಿತಕ್ಕೆ ಸೋತು, ಮೇಲಿಂದ ದೆವ್ವಕ್ಕೂ ಸಿಕ್ಕ ಅಪ್ಪ ಜಾಕ್, ಸಾಯುವ ಮೊದಲು ಒಂದೇ ಒಂದು ಕ್ಷಣ ಮೊದಲಿನ ಅಪ್ಪನಾಗಿ ಮಗನಿಗೆ ‘ಓಡು’ ಎನ್ನುತ್ತಾನೆ. ಸ್ಟ್ಯಾನ್ಲಿ ಕ್ಯೂಬ್ರಿಕ್ 1980ರಲ್ಲಿ ತೆಗೆದ ಸಿನಿಮಾದಲ್ಲಿ ಬಾಯ್ಲರ್ ಸಿಡಿಯುವುದೂ ಇಲ್ಲ, ಅಪ್ಪ ಮರಳುವುದೂ ಇಲ್ಲ. ಕೊಡಲಿ ಹಿಡಿದು ಮಗನ ಬೆನ್ನಟ್ಟಿದ ಜಾಕ್ ಗಿಡಗಳ ಚಕ್ರವ್ಯೂಹದಲ್ಲಿ ದಾರಿ ತಪ್ಪಿ, ಹಿಮದಲ್ಲಿ ಕೂತಲ್ಲೇ ಹೆಪ್ಪುಗಟ್ಟುತ್ತಾನೆ. ಪುಸ್ತಕ ಬಿಸಿ, ಸಿನಿಮಾ ತಣ್ಣಗೆ ಎಂದು ಕಿಂಗ್ ಆಮೇಲೆ ಗೊಣಗಿದ್ದು ಇದಕ್ಕೇ. ಅವರ ಕಥೆಗಳಿಂದ ಹುಟ್ಟಿದ ಸಿನಿಮಾಗಳಲ್ಲಿ ಯಾವುದು ಗೆದ್ದಿತು, ಯಾವುದು ಬಿತ್ತು ಎಂದು ಲೆಕ್ಕ ಹಾಕುವಾಗ ನಾನು ಈ ಗೊಣಗಾಟವನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಶುರುವಾದದ್ದು ಕಸದ ಬುಟ್ಟಿಯಲ್ಲಿ. ಅಮೆರಿಕದ ಮೇನ್ ರಾಜ್ಯದಲ್ಲಿ ಶಾಲಾ ಮೇಷ್ಟರಾಗಿದ್ದ ಕಿಂಗ್, ‘ಕ್ಯಾರಿ’ಯ ಮೊದಲ ಪುಟಗಳನ್ನು ಮುದುಡಿ ಎಸೆದಿದ್ದರು. ಹೆಂಡತಿ ಟ್ಯಾಬಿತಾ ಅವನ್ನು ಎತ್ತಿ, ಬಿಡಿಸಿ, ಓದಿ, ಮುಂದುವರಿಸು ಎಂದರು. 1974ರಲ್ಲಿ ಪುಸ್ತಕ ಬಂತು, 1976ರಲ್ಲಿ ಬ್ರಯನ್ ಡಿ ಪಾಮಾ ಅದನ್ನು ಸಿನಿಮಾ ಮಾಡಿದರು. ಮಗಳಾಗಿ ಸಿಸ್ಸಿ ಸ್ಪೇಸೆಕ್, ತಾಯಿಯಾಗಿ ಪೈಪರ್ ಲಾರಿ ಇಬ್ಬರ ಹೆಸರೂ ಆಸ್ಕರ್ ಪಟ್ಟಿಗೆ ಹೋಯಿತು. ಕೊನೆಯಲ್ಲಿ ಸಮಾಧಿಯಿಂದ ಚಿಮ್ಮುವ ಕೈ ಕಾದಂಬರಿಯಲ್ಲಿಲ್ಲ, ನಿರ್ದೇಶಕರು ಸೇರಿಸಿದ್ದು. ಆದರೂ ಕಿಂಗ್ ತಕರಾರು ತೆಗೆಯಲಿಲ್ಲ. ಕಥೆಯನ್ನು ಬದಲಿಸಿದ್ದಕ್ಕೇ ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡರೆ ತಪ್ಪು.

‘ದಿ ಶೈನಿಂಗ್’ ವಿಷಯದಲ್ಲಿ ನೋವು ಬೇರೆಯೇ. 1974ರ ಅಕ್ಟೋಬರ್ ಕೊನೆಯಲ್ಲಿ ಕೊಲರಾಡೊದ ಎಸ್ಟೆಸ್ ಪಾರ್ಕ್‌ನ ಸ್ಟ್ಯಾನ್ಲಿ ಹೋಟೆಲ್ ಚಳಿಗಾಲಕ್ಕೆ ಬಾಗಿಲು ಹಾಕುವ ಹೊತ್ತಿಗೆ ಕಿಂಗ್ ದಂಪತಿ ಅಲ್ಲಿ ತಂಗಿದ್ದರು. ಬೇರೆ ಅತಿಥಿಗಳೇ ಇರಲಿಲ್ಲ. ಕೋಣೆ 217. ಬೆಂಕಿ ಆರಿಸುವ ನೀರಿನ ಪೈಪು ಪುಟ್ಟ ಮಗನನ್ನು ಅಟ್ಟಿಸಿಕೊಂಡು ಹೋಗುವ ಕನಸು ಬಿದ್ದು ಎದ್ದು ಕೂತರಂತೆ. ಆಗ ಅವರು ಸ್ವತಃ ಮಿತಿಮೀರಿ ಕುಡಿಯುತ್ತಿದ್ದರು. ಜಾಕ್‌ನೊಳಗಿನ ಒಳ್ಳೆಯ ಅಪ್ಪ ಅವರ ಪಾಲಿಗೆ ಬರೀ ಕಲ್ಪನೆಯಲ್ಲ. ತೆರೆಯ ಮೇಲಾದರೋ ಜಾಕ್ ನಿಕೋಲ್ಸನ್ ಮೊದಲ ದೃಶ್ಯದಿಂದಲೇ ಅರೆಹುಚ್ಚನಂತೆ ಕಾಣುತ್ತಾರೆ. ಬೀಳುವುದಕ್ಕೆ ಎತ್ತರವೇ ಇಲ್ಲ. ಎಂಜಿನ್ ಇಲ್ಲದ ಸುಂದರ ಕ್ಯಾಡಿಲ್ಯಾಕ್ ಕಾರು ಎಂದು ಕಿಂಗ್ ಆ ಚಿತ್ರವನ್ನು ಹಂಗಿಸಿದರು.

ಹಟ ಬಿಡದೆ 1997ರಲ್ಲಿ ತಾವೇ ಚಿತ್ರಕಥೆ ಬರೆದು, ಅದೇ ಸ್ಟ್ಯಾನ್ಲಿ ಹೋಟೆಲಿನಲ್ಲಿ ಚಿತ್ರೀಕರಿಸಿದ ಟಿವಿ ಸರಣಿಯನ್ನೂ ತಂದರು. ಬಾಯ್ಲರ್ ಇತ್ತು, ಅಪ್ಪನಿದ್ದ, ಎಲ್ಲವೂ ಪುಸ್ತಕದಂತೆಯೇ. ಆದರೆ ಗಿಡ ಕತ್ತರಿಸಿ ಮಾಡಿದ ಪ್ರಾಣಿಗಳು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಜೀವ ತಳೆದು ಬರುವಾಗ ಭಯವಾಗುವ ಬದಲು ನಗು ಬರುತ್ತದೆ. ಇಂದು ಜನರ ನೆನಪಿನಲ್ಲಿ ಉಳಿದಿರುವುದು ಕ್ಯೂಬ್ರಿಕ್‌ರ ಉದ್ದನೆಯ ಕಾರಿಡಾರೇ. ನನ್ನ ನೆನಪಿನಲ್ಲೂ ಅದೇ, ಒಪ್ಪಿಕೊಳ್ಳಬೇಕು.

1983 ಒಂದೇ ವರ್ಷದಲ್ಲಿ ‘ಕುಜೊ’, ‘ದಿ ಡೆಡ್ ಝೋನ್’, ‘ಕ್ರಿಸ್ಟೀನ್’ ಮೂರೂ ತೆರೆಗೆ ಬಂದವು. 1986ರಲ್ಲಿ ಕಿಂಗ್ ತಾವೇ ನಿರ್ದೇಶಕರಾಗಿ ‘ಮ್ಯಾಕ್ಸಿಮಮ್ ಓವರ್‌ಡ್ರೈವ್’ ತೆಗೆದು ಕೈ ಸುಟ್ಟುಕೊಂಡರು. ಅದೇ ವರ್ಷ ರಾಬ್ ರೈನರ್, ‘ದಿ ಬಾಡಿ’ ಎಂಬ ನೀಳ್ಗತೆಯಿಂದ ‘ಸ್ಟ್ಯಾಂಡ್ ಬೈ ಮಿ’ ಮಾಡಿದರು. ಹೆಣವೊಂದನ್ನು ನೋಡಲು ರೈಲು ಹಳಿಯ ಗುಂಟ ನಡೆಯುವ ನಾಲ್ವರು ಹುಡುಗರ ಕಥೆ; ದೆವ್ವದ ಸುಳಿವೂ ಇಲ್ಲ. ಖಾಸಗಿ ಪ್ರದರ್ಶನ ಮುಗಿದದ್ದೇ ಕಿಂಗ್ ಎದ್ದು ಹೊರನಡೆದರು, ಸ್ವಲ್ಪ ಹೊತ್ತಿನ ಮೇಲೆ ಬಂದು ತಮ್ಮ ಬರಹದಿಂದ ಬಂದ ಅತ್ಯುತ್ತಮ ಚಿತ್ರ ಇದೇ ಎಂದರು ಎಂದು ರೈನರ್ ನೆನಪಿಸಿಕೊಂಡಿದ್ದರು. ಆ ಖುಷಿಗೆ ರೈನರ್ ತಮ್ಮ ಸಂಸ್ಥೆಗೇ ಕಿಂಗ್ ಕಲ್ಪಿಸಿದ ಊರಿನ ಹೆಸರಿಟ್ಟರು: ಕ್ಯಾಸಲ್ ರಾಕ್.

1990ರ ‘ಮಿಸರಿ’ಯೂ ರೈನರ್ ಅವರದೇ. ಅಪಘಾತದಲ್ಲಿ ಕಾಲು ಮುರಿದ ಲೇಖಕನನ್ನು ಮನೆಯಲ್ಲಿ ಕೂಡಿಹಾಕಿದ ಅಭಿಮಾನಿ ಆ್ಯನಿ. ಅವಳು ಹೊರಗೆ ಹೋದಾಗ ಆತ ಗಾಲಿಕುರ್ಚಿಯಲ್ಲಿ ಮನೆಯೆಲ್ಲ ತಡಕುತ್ತಾನೆ. ಮೇಜಿನ ಮೇಲಿನ ಪಿಂಗಾಣಿ ಪೆಂಗ್ವಿನ್ ಬೀಳುವುದರಲ್ಲಿ ಹಿಡಿದು ಇದ್ದಲ್ಲೇ ಇಡುತ್ತಾನೆ. ಮುಖ ಮಾತ್ರ ಬೇರೆ ದಿಕ್ಕಿಗೆ. ತನ್ನ ಪೆಂಗ್ವಿನ್ ಯಾವಾಗಲೂ ದಕ್ಷಿಣಕ್ಕೇ ನೋಡುತ್ತದೆ ಎಂದು ಆ್ಯನಿ ಆಮೇಲೆ ಮೆಲ್ಲಗೆ ಹೇಳುವಾಗ, ಕಾಲಿಗೆ ಬೀಳಲಿರುವ ಸುತ್ತಿಗೆಯ ಏಟಿಗಿಂತ ಆ ಮಾತೇ ಹೆಚ್ಚು ನಡುಗಿಸುತ್ತದೆ. ಕಾದಂಬರಿಯಲ್ಲಿ ಅವಳು ಕೊಡಲಿಯಿಂದ ಪಾದವನ್ನೇ ಕತ್ತರಿಸುತ್ತಾಳೆ. ರೈನರ್ ರಕ್ತ ಕಡಿಮೆ ಮಾಡಿ ಹಿಂಸೆ ಹೆಚ್ಚಿಸಿದರು. ಕ್ಯಾಥಿ ಬೇಟ್ಸ್‌ಗೆ ಆಸ್ಕರ್ ಬಂತು. ಇದೇ ಕಥೆಯ ಎಳೆ ಹಿಡಿದು ಬಾಲು ಮಹೇಂದ್ರ 2003ರಲ್ಲಿ ತಮಿಳಿನಲ್ಲಿ ‘ಜೂಲಿ ಗಣಪತಿ’ ತೆಗೆದಾಗ ಆ ಅಭಿಮಾನಿಯಾದವರು ನಮ್ಮ ‘ಹೊಸ ಬೆಳಕು’ ಚಿತ್ರದ ಸರಿತಾ. ರಾಜ್‌ಕುಮಾರ್ ಎದುರಿಗೆ ಅವರನ್ನು ನೋಡಿದ ಕಣ್ಣಿಗೆ ಇದು ಬೇರೆಯದೇ ಹೆದರಿಕೆ.

ಫ್ರ್ಯಾಂಕ್ ಡ್ಯಾರಬಾಂಟ್ ಬಂದದ್ದು ಇನ್ನೊಂದು ದಾರಿಯಿಂದ. ಸಿನಿಮಾ ಕಲಿಯುವ ಹುಡುಗರಿಗೆ ಕಿಂಗ್ ತಮ್ಮ ಸಣ್ಣ ಕಥೆಗಳನ್ನು ಒಂದು ಡಾಲರಿಗೆ ಕೊಡುತ್ತಿದ್ದರು; ಹಾಗೆ ಪಡೆದ ಕಥೆಯಿಂದಲೇ ಡ್ಯಾರಬಾಂಟ್ 1983ರಲ್ಲಿ ಒಂದು ಕಿರುಚಿತ್ರ ಮಾಡಿದ್ದರು. 1994ರಲ್ಲಿ ಅವರು ಕಿಂಗ್ ಬರೆದ ಜೈಲಿನ ಕಥೆಯೊಂದರಿಂದ ತಂದ ‘ದಿ ಶಾಶಾಂಕ್ ರಿಡೆಂಪ್ಷನ್’ ಚಿತ್ರಮಂದಿರಗಳಲ್ಲಿ ಹಾಕಿದ ಹಣವನ್ನೂ ಎತ್ತಲಿಲ್ಲ. ಏಳು ಆಸ್ಕರ್ ನಾಮನಿರ್ದೇಶನ, ಒಂದೂ ಕೈಗೆ ಬರಲಿಲ್ಲ. ಅದನ್ನು ಮನೆಮನೆಗೆ ಮುಟ್ಟಿಸಿದ್ದು ವಿಡಿಯೊ ಕ್ಯಾಸೆಟ್ ಮತ್ತು ಕೇಬಲ್ ಟಿವಿ.

ಅದೇ ಡ್ಯಾರಬಾಂಟ್ 2007ರ ‘ದಿ ಮಿಸ್ಟ್’ನಲ್ಲಿ ಕಿಂಗ್‌ಗಿಂತಲೂ ನಿರ್ದಯಿಯಾದರು. (ನೋಡಿಲ್ಲದವರು ಈ ಪ್ಯಾರಾದ ಉಳಿದ ಭಾಗ ಬಿಟ್ಟುಬಿಡಿ.) ಮೂಲ ಕಥೆ ಮಂಜಿನ ನಡುವೆ ಸಣ್ಣದೊಂದು ಆಸೆ ಉಳಿಸಿ ನಿಲ್ಲುತ್ತದೆ. ಸಿನಿಮಾದಲ್ಲಿ ಕಾರಿನೊಳಗೆ ಐವರು, ಗುಂಡು ನಾಲ್ಕು. ಅಪ್ಪ ತನ್ನ ಮಗನನ್ನೂ ಸೇರಿಸಿ ನಾಲ್ವರನ್ನು ಕೊಂದು ಹೊರಗಿಳಿಯುತ್ತಾನೆ, ಮಂಜಿನೊಳಗಿನಿಂದ ಬರುವುದು ರಾಕ್ಷಸರಲ್ಲ, ಕಾಪಾಡಲು ಬಂದ ಸೇನೆ. ಮಗನಿಗೆ ‘ಓಡು’ ಎಂದ ಅಪ್ಪನನ್ನು ಕಳೆದುಕೊಂಡು ಕೊರಗಿದ್ದ ಕಿಂಗ್, ಈ ಮುಕ್ತಾಯ ತಮಗೇ ಹೊಳೆಯಬೇಕಿತ್ತು ಎಂದರು. ಇಲ್ಲಿ ಅಪ್ಪನ ಪ್ರೀತಿಯೇ ಗುಂಡು ಹಾರಿಸಿತ್ತು. ಅದು ತಣ್ಣಗಿನ ಸಿನಿಮಾ ಅಲ್ಲ.

ಫ್ಲಾರಿಡಾದ ಅಂಗಡಿಯೊಂದರಲ್ಲಿ ಸಾಮಾನು ಕೊಳ್ಳುವಾಗ ವಯಸ್ಸಾದ ಹೆಂಗಸೊಬ್ಬರು ಕಿಂಗ್ ಅವರನ್ನು ಗುರುತು ಹಿಡಿದರಂತೆ. ನೀವು ಬರೆಯುವ ಹೆದರಿಸುವ ಕಥೆಗಳು ನನಗೆ ಆಗಿಬರುವುದಿಲ್ಲ, ಆ ಶಾಶಾಂಕ್ ತರಹದ್ದಾದರೆ ಇಷ್ಟ ಎಂದರು. ಅದನ್ನು ಬರೆದದ್ದೂ ನಾನೇ ಎಂದರು ಕಿಂಗ್. ಇಲ್ಲ, ನೀವಲ್ಲ ಎಂದು ಆಕೆ ಮುಂದೆ ನಡೆದರು.