ಪದ ಪರಿಚಯ: ಕ್ಯಾನನ್

ಯುಗಾದಿ ರಜೆಗೆ ಗುಬ್ಬಿ ಹತ್ತಿರದ ನಮ್ಮೂರಿಗೆ ಅಕ್ಕನ ಮಗ ಬಂದಿದ್ದ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಜೊತೆಗೆ ಒಬ್ಬ ಗೆಳೆಯ. ಇಬ್ಬರೂ ಜಗಲಿ ಮೇಲೆ ರಟ್ಟು, ಗೋಂದು, ಕತ್ತರಿ ಹರಡಿಕೊಂಡು ಸ್ಟಾರ್ ಟ್ರೆಕ್ ಧಾರಾವಾಹಿಯ 'ಎಂಟರ್‌ಪ್ರೈಸ್' ಎಂಬ ಗಗನನೌಕೆಯ ಮಾದರಿ ಮಾಡುತ್ತಿದ್ದರು. ಕತ್ತರಿಸಿದ್ದಕ್ಕಿಂತ ವಾದ ಮಾಡಿದ್ದೇ ಜಾಸ್ತಿ.

"ಅದು ಕ್ಯಾನನ್ ಅಲ್ಲ ಕಣೋ."

"ಯಾಕಲ್ಲ? ನಕ್ಷೆಯಲ್ಲಿದೆ, ನೋಡು."

"ನಕ್ಷೆನ ಕ್ಯಾನನ್ ಅಂತ ಯಾರು ಹೇಳಿದ್ರು?"

ಪಕ್ಕದಲ್ಲಿ ಕೂತು ಕೇಳುತ್ತಿದ್ದ ನಮ್ಮಪ್ಪ ಕೊನೆಗೆ ನನ್ನನ್ನೇ ಕೇಳಿದರು, "ಏನದು ಕ್ಯಾನನ್ನು?" ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನೊಂದಿಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಕಥಾಲೋಕದಲ್ಲಿ ಯಾವುದು ನಿಜ ಎಂದು ಲೆಕ್ಕಕ್ಕೆ ಹಿಡಿಯುತ್ತಾರೋ ಅದು ಕ್ಯಾನನ್. ಇದು ಕ್ಯಾಮೆರಾ ಕಂಪನಿಯ ಹೆಸರಲ್ಲ, ತೋಪಿನ ಇಂಗ್ಲಿಷ್ ಹೆಸರೂ ಅಲ್ಲ. ಕನ್ನಡದಲ್ಲಿ ಬರೆದಾಗ ಮೂರೂ ಒಂದೇ ಥರ ಕಾಣುತ್ತವೆ, ಅಷ್ಟೇ. ನಾವು ಹೇಳುತ್ತಿರುವ ಕ್ಯಾನನ್ ಗ್ರೀಕಿನ 'ಕಾನೋನ್' ಎಂಬ ಪದದಿಂದ ಬಂದದ್ದು. ಕಾನೋನ್ ಅಂದರೆ ನೆಟ್ಟಗಿರುವ ಕೋಲು, ಅಳತೆಗೋಲು. ಬಟ್ಟೆ ಅಂಗಡಿಯಲ್ಲಿ ಮೀಟರ್ ಕಡ್ಡಿ ಇರುತ್ತದಲ್ಲ, ಹಾಗೆ. ಇದೇ ಪದ ಅರಬ್ಬಿಗೆ ಹೋಗಿ 'ಖಾನೂನ್' ಆಯಿತು. ಅಲ್ಲಿಂದ ನಮ್ಮಲ್ಲಿಗೆ ಬಂದು 'ಕಾನೂನು' ಆಯಿತು. ಅಂದರೆ ತುಮಕೂರಿನ ಕೋರ್ಟಿನಲ್ಲಿ ದಿನಾ ಓಡಾಡುವ ಪದಕ್ಕೂ ಜಗಲಿ ಮೇಲಿನ ಹುಡುಗರ ಪದಕ್ಕೂ ಬೇರು ಒಂದೇ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಬೈಬಲ್‌ಗೆ ಯಾವ ಗ್ರಂಥಗಳು ಸೇರಬೇಕು, ಯಾವುವು ಸೇರಬಾರದು ಎಂದು ತೀರ್ಮಾನಿಸಿ ಒಪ್ಪಿಕೊಂಡ ಪಟ್ಟಿಗೆ ಕ್ಯಾನನ್ ಎಂಬ ಹೆಸರು ಬಂತು. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬುವರು ಶೆರ್ಲಾಕ್ ಹೋಮ್ಸ್ ಕಥೆಗಳನ್ನು ಬೈಬಲ್ ಪಂಡಿತರ ಧಾಟಿಯಲ್ಲೇ ಜಾಲಾಡಿ ಒಂದು ಪ್ರಬಂಧ ಬರೆದರು. ಆಮೇಲೆ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣಕಥೆಗಳು ಹೋಮ್ಸ್ ಅಭಿಮಾನಿಗಳ ಕ್ಯಾನನ್ ಆದವು. ಕಟ್ಟುಕಥೆಯ ಲೋಕಗಳಿಗೆ ಈ ಪದ ಅಂಟಿಕೊಂಡದ್ದು ಹೀಗೆ.

ಈಗ ಹುಡುಗರ ಜಗಳಕ್ಕೆ ಬರೋಣ. ಅವರ ನಡುವೆ ಇದ್ದದ್ದು ಒಂದು ಬೌಲಿಂಗ್ ಆಟದ ಅಂಕಣ. ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಗೂಟ ಬೀಳಿಸುವ ಆಟದ್ದು. 1975ರಲ್ಲಿ ಫ್ರಾಂಜ್ ಜೋಸೆಫ್ ಎಂಬ, ವಿಮಾನ ಕಾರ್ಖಾನೆಯಲ್ಲಿ ದುಡಿದು ಬಂದಿದ್ದ ನಕ್ಷೆಗಾರ ಎಂಟರ್‌ಪ್ರೈಸ್‌ನ ಒಳಗನ್ನೆಲ್ಲ 12 ಹಾಳೆಗಳಲ್ಲಿ ಬರೆದರು. ಪರವಾನಗಿ ಪಡೆದೇ ಅಚ್ಚು ಹಾಕಿ ಮಾರಿದ ನಕ್ಷೆಗಳು ಅವು. ಅದರಲ್ಲಿ ನೌಕೆಯ ತಳದಲ್ಲಿ ಬೌಲಿಂಗ್ ಅಂಕಣ ಇದೆ. ಆದರೆ ತೆರೆಯ ಮೇಲೆ ಅದನ್ನು ತೋರಿಸಿಲ್ಲ. 1966ರ ಒಂದು ಕಂತಿನಲ್ಲಿ ಸಿಬ್ಬಂದಿಯವನೊಬ್ಬ ಅದರ ಹೆಸರು ಹೇಳುತ್ತಾನೆ ಮಾತ್ರ. ಆಗ ಅವನಿಗೆ ಅಮಲೇರಿಸುವಂಥ ವಿಚಿತ್ರ ಕಾಯಿಲೆ ತಗುಲಿ ತಲೆ ನೆಟ್ಟಗಿರುವುದಿಲ್ಲ. ಇವತ್ತು ಬೌಲಿಂಗ್ ಅಂಕಣದಲ್ಲಿ ನೃತ್ಯ ಇದೆ ಎಂದು ಧ್ವನಿವರ್ಧಕದಲ್ಲಿ ಸಾರುತ್ತಾನೆ.

ಹಾಗಾದರೆ ಅಂಕಣ ಇದೆಯೋ ಇಲ್ಲವೋ? "ತೆರೆ ಮೇಲೆ ಕೇಳಿಸಿತು, ಆದ್ದರಿಂದ ಇದೆ" ಎನ್ನುವುದು ಒಬ್ಬನ ವಾದ. "ಅಮಲಿನಲ್ಲಿ ಇದ್ದವನ ಮಾತು ಸಾಕ್ಷಿ ಆಗಲ್ಲ" ಎನ್ನುವುದು ಇನ್ನೊಬ್ಬನದು. ನಕ್ಷೆಗೆ ಪರವಾನಗಿ ಇತ್ತಲ್ಲ ಎಂದು ಕೇಳಿದರೆ, ಅದು 'ಅಧಿಕೃತ', ಆದರೆ ಕ್ಯಾನನ್ ಅಲ್ಲ ಎಂಬ ಉತ್ತರ ಬರುತ್ತದೆ.

ಈ ಪದದ ಜೀವ ಇರುವುದೇ ಇಲ್ಲಿ. ಕನ್ನಡದಲ್ಲಿ ಕ್ಯಾನನ್‌ಗೆ ಸುಮ್ನೆ 'ಅಧಿಕೃತ' ಎಂದು ಬರೆದುಬಿಡುತ್ತಾರೆ. ಅದು ಸಾಲದು. ಮಾಲೀಕರು ಒಪ್ಪಿಗೆ ಕೊಟ್ಟ ಪುಸ್ತಕ, ಆಟಿಕೆ, ನಕ್ಷೆ ಎಲ್ಲವೂ ಅಧಿಕೃತವೇ. ಆದರೆ ಮುಂದಿನ ಕಥೆ ಬರೆಯುವವರು ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. ಕಟ್ಟುಬೀಳಬೇಕಾದದ್ದು ಮಾತ್ರ ಕ್ಯಾನನ್.

ಸ್ಟಾರ್ ಟ್ರೆಕ್‌ನಲ್ಲಿ ಸಾಮಾನ್ಯವಾಗಿ ಒಪ್ಪುವ ನಿಯಮ ಇದು: ತೆರೆಯ ಮೇಲೆ ಬಂದದ್ದು ಕ್ಯಾನನ್, ಪುಸ್ತಕದಲ್ಲಿ ಮಾತ್ರ ಇರುವುದು ಅಲ್ಲ. ಕೇಳಲು ಸರಳ. ಆದರೆ ತೆರೆಯೇ ತಪ್ಪು ಮಾಡಿದರೆ? 1966ರ ಒಂದು ಕಂತಿನಲ್ಲಿ ನಾಯಕ ಕರ್ಕ್‌ನ ಗೋರಿಕಲ್ಲಿನ ಮೇಲೆ 'ಜೇಮ್ಸ್ ಆರ್. ಕರ್ಕ್' ಎಂದಿದೆ. ಆಮೇಲೆ ಎಲ್ಲ ಕಡೆ 'ಜೇಮ್ಸ್ ಟಿ. ಕರ್ಕ್'. ಆ 'ಟಿ' ಅಂದರೆ ಟೈಬೀರಿಯಸ್ ಎಂದು ಮೊದಲು ಹೇಳಿದ್ದು 1973-74ರ ಕಾರ್ಟೂನ್ ಸರಣಿ. ಆ ಸರಣಿಯನ್ನೇ ಆಮೇಲೆ ಬಹಳ ಕಾಲ ಕ್ಯಾನನ್‌ನಿಂದ ಹೊರಗಿಟ್ಟಿದ್ದರು. 1991ರ ಸಿನಿಮಾದಲ್ಲಿ ಟೈಬೀರಿಯಸ್ ಎಂಬ ಹೆಸರು ಬಂತು, ಹೆಸರು ಕ್ಯಾನನ್ ಆಯಿತು. 1989ರ ಸಿನಿಮಾದಲ್ಲಿ ಲಿಫ್ಟ್ ಕೊಳವೆಯ ಗೋಡೆ ಮೇಲೆ 78ನೇ ಅಂತಸ್ತು ಎಂದು ಬರೆದಿದೆ. ಆ ನೌಕೆಗೆ ಇರುವುದು ಇಪ್ಪತ್ತು ಚಿಲ್ಲರೆ ಅಂತಸ್ತು. ಕಣ್ಣಿಗೆ ಕಂಡರೂ ಅದನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಉಲ್ಟಾ ನಡೆದದ್ದೂ ಇದೆ, ನನಗೆ ಅದು ತುಂಬಾ ಇಷ್ಟ. ಅದೇ ಫ್ರಾಂಜ್ ಜೋಸೆಫ್ ತಮ್ಮ ಇನ್ನೊಂದು ಪುಸ್ತಕದಲ್ಲಿ ತೆರೆಯ ಮೇಲೆ ಬಾರದ ಎಷ್ಟೋ ನೌಕೆಗಳ ಹೆಸರು, ಸಂಖ್ಯೆ ಕಲ್ಪಿಸಿ ಕೊಟ್ಟಿದ್ದರು. 1979ರ ಸಿನಿಮಾದಲ್ಲಿ ಒಂದು ಕಾವಲು ನಿಲ್ದಾಣದ ದೃಶ್ಯ ಬರುತ್ತದೆ. ಹಿನ್ನೆಲೆಯಲ್ಲಿ ರೇಡಿಯೋ ಮಾತು ಕೇಳಿಸುತ್ತಿರುತ್ತದೆ. ಕಿವಿಗೊಟ್ಟರೆ ಅದರಲ್ಲಿ 'ಆಂಟಾಂಟ್' ಎಂಬ ಆ ಪುಸ್ತಕದ ನೌಕೆಯ ಹೆಸರಿದೆ. ಹೆಸರು ತೆರೆಗೆ ಬಂತು, ನೌಕೆ ಬರಲಿಲ್ಲ. ಈಗ ಪುಸ್ತಕದಲ್ಲಿರುವ ಅದರ ಚಿತ್ರವೂ ಕ್ಯಾನನ್ನೇ? ನನ್ನ ಮಟ್ಟಿಗೆ ಹೆಸರಷ್ಟೇ ಕ್ಯಾನನ್. ಅಕ್ಕನ ಮಗ ಒಪ್ಪಲಿಲ್ಲ.

ಸ್ಟಾರ್ ವಾರ್ಸ್ ಎಂಬ ಇನ್ನೊಂದು ಗಗನನೌಕೆಗಳ ಸಿನಿಮಾ ಸರಣಿಯಲ್ಲಿ ಜಗಳ ಉದ್ದದ ಮೇಲೆ. ಅದರ ಖಳನಾಯಕ ಡಾರ್ತ್ ವೇಡರ್‌ನ ದೊಡ್ಡ ನೌಕೆ 'ಎಕ್ಸಿಕ್ಯೂಟರ್' 8 ಕಿ.ಮೀ. ಉದ್ದ ಎಂದು 1980ರ ದಶಕದ ಆಟದ ಪುಸ್ತಕಗಳು ಬರೆದವು. ಅಭಿಮಾನಿಗಳು ಸಿನಿಮಾದ ಚಿತ್ರಗಳನ್ನು ನಿಲ್ಲಿಸಿ, ಪಕ್ಕದಲ್ಲಿರುವ 1.6 ಕಿ.ಮೀ. ಉದ್ದದ ನೌಕೆಗೆ ಹೋಲಿಸಿ ಅಳೆದರು. 8 ಸಾಧ್ಯವೇ ಇಲ್ಲ, ಅದರ ಎರಡು ಪಟ್ಟಿಗೂ ಜಾಸ್ತಿ ಎಂದು ವರ್ಷಗಟ್ಟಲೆ ಹಟ ಹಿಡಿದರು. ಈಗ ಒಪ್ಪಿರುವ ಅಳತೆ 19 ಕಿ.ಮೀ. 8 ಅಂದರೆ ತುಮಕೂರು ಪೇಟೆಯಿಂದ ಕ್ಯಾತ್ಸಂದ್ರ ದಾಟುವಷ್ಟು. 19 ಅಂದರೆ ಹೆಚ್ಚುಕಮ್ಮಿ ತುಮಕೂರಿನಿಂದ ಗುಬ್ಬಿ! ಬರೀ ಅಂಕಿಯ ಜಗಳ ಅಲ್ಲ ಅದು. ಮುಂದೆ 2014ರಲ್ಲಿ ಸ್ಟಾರ್ ವಾರ್ಸ್ ಮಾಡುವ ಲ್ಯೂಕಾಸ್‌ಫಿಲ್ಮ್ ಕಂಪನಿ ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನೆಲ್ಲ 'ಲೆಜೆಂಡ್ಸ್' ಎಂಬ ಬೇರೆ ಹೆಸರಿನ ಕೆಳಗೆ ಸರಿಸಿತು. ಹತ್ತಾರು ವರ್ಷ ಓದಿಕೊಂಡು ಬಂದವರಿಗೆ ಒಂದೇ ದಿನದಲ್ಲಿ ಅವು ಕ್ಯಾನನ್ ಅಲ್ಲ ಎಂದಾಯಿತು. ಅವರ ನೋವು ನನಗೆ ಅರ್ಥವಾಗುತ್ತದೆ.

ಜೊತೆಗೆ ಇನ್ನೆರಡು ಪದ ಗೊತ್ತಿರಲಿ. ಹಿಂದೆ ಹೇಳಿದ್ದನ್ನು ಆಮೇಲಿನ ಕಥೆಯಲ್ಲಿ ಬದಲಿಸಿದರೆ ಅದು 'ರೆಟ್‌ಕಾನ್'. ಎಲ್ಲೂ ಹೇಳದಿದ್ದರೂ ನಮಗೆ ನಾವೇ ನಂಬಿಕೊಂಡದ್ದು 'ಹೆಡ್‌ಕ್ಯಾನನ್'.

ಇಷ್ಟು ಹೇಳುವಷ್ಟರಲ್ಲಿ ನಮ್ಮಪ್ಪ ನನಗಿಂತ ಮುಂದೆ ಹೋಗಿದ್ದರು. ನಮ್ಮ ಸೀಮೆಯಲ್ಲಿ ಊರೂರಿಗೆ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಅಪ್ಪ ವಯಸ್ಸಿನಲ್ಲಿ ಶಕುನಿ ಪಾತ್ರ ಮಾಡಿದವರು. ಸೆರೆಮನೆಯಲ್ಲಿ ಸತ್ತ ಅಪ್ಪನ ಮೂಳೆಯಿಂದ ಶಕುನಿ ದಾಳ ಮಾಡಿಕೊಂಡ ಕಥೆ ಆ ನಾಟಕದಲ್ಲಿ ಇದೆ, ವ್ಯಾಸ ಭಾರತದಲ್ಲಿ ಇಲ್ಲ.

"ಇಲ್ಲ ಅಂತ ಡ್ರಾಮಾ ಮೇಷ್ಟ್ರಿಗೂ ಗೊತ್ತಿತ್ತು ಕಣೋ," ಎಂದರು ಮೊಮ್ಮಗನಿಗೆ. "ಪ್ರಕ್ಷಿಪ್ತ ಅಂತಾರೆ, ನಡುವೆ ಸೇರಿದ್ದು ಅಂತ. ಆದ್ರೆ ದಾಳ ಹಿಡಿದು ಆ ಮಾತು ಬಿಟ್ರೆ, ಕೆಳಗೆ ಕೂತ ಜನ ಬಿಡ್ತಿರಲಿಲ್ಲ."

"ಹಂಗಾದ್ರೆ ನಿಮ್ಮ ನಾಟಕಕ್ಕೆ ಅದು ಕ್ಯಾನನ್ನೇ ತಾತ," ಎಂದ ಅವನು.

"ನಾವು ಪ್ರಮಾಣ ಅಂತೀವಿ."

ಆ ಮಾತು ನನಗೆ ಹೊಳೆದಿರಲಿಲ್ಲ. ಪ್ರಮಾಣ ಅಂದರೆ ಅಳತೆ. ಯಾವುದನ್ನು ಆಧಾರ ಎಂದು ಹಿಡಿದು ವಾದ ಮಾಡುತ್ತೇವೋ ಅದೂ ಪ್ರಮಾಣವೇ. ಗ್ರೀಕರ ಕೋಲಿನಲ್ಲಿರುವ ಎರಡು ಅರ್ಥವೂ ಈ ಒಂದೇ ಪದದಲ್ಲಿವೆ. ಹುಡುಗರು ಕ್ಯಾನನ್ ಎಂದೇ ಹೇಳುತ್ತಾರೆ, ಹೇಳಲಿ. ಕನ್ನಡದಲ್ಲಿ ಬರೆಯುವಾಗ ಮಾತ್ರ ನಾನು ಇನ್ನು 'ಅಧಿಕೃತ' ಬಿಟ್ಟು 'ಪ್ರಮಾಣ' ಎಂದೇ ಬರೆಯುತ್ತೇನೆ.

ಮಾದರಿಯ ಎಡಭಾಗ ಇನ್ನೂ ಖಾಲಿ ಇದೆ. ಚಿತ್ರೀಕರಣಕ್ಕೆ ಬಳಸಿದ ಸುಮಾರು 11 ಅಡಿಯ ಮೂಲ ಮಾದರಿ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ದೀಪದ ವೈರುಗಳು ಎಡಗಡೆಯಿಂದ ಹೊರಬರುತ್ತಿದ್ದರಿಂದ ಆ ಬದಿಯನ್ನು ಪೂರ್ತಿ ಮಾಡಿರಲೇ ಇಲ್ಲ. ಎಡಬದಿ ಬೇಕಾದಾಗ ಬಲಬದಿಗೆ ಅಕ್ಷರಗಳನ್ನು ಉಲ್ಟಾ ಅಂಟಿಸಿ, ಫಿಲ್ಮ್ ತಿರುಗಿಸಿ ತೋರಿಸಿದ್ದರು. ಎಡಗಡೆ ಕಿಟಕಿ ಎಲ್ಲೆಲ್ಲಿ ಬರೆಯಬೇಕು ಎಂದು ಇಬ್ಬರೂ ಈಗ ಫೋನಿನಲ್ಲಿ ವಾದ ಮಾಡುತ್ತಿದ್ದಾರೆ.