‘ಐಫೋನ್ ಇದ್ರ ಖಾತೆದಾಗಿನ ರೊಕ್ಕ ಹೋಗಂಗಿಲ್ಲಂತ, ಖರೇ ಏನ್ರಿ?’

ಈ ಪ್ರಶ್ನೆ ಇಂಡಿಯಿಂದ ಬರುತ್ತದೆ, ಜಮಖಂಡಿಯಿಂದ ಬರುತ್ತದೆ, ಅಥಣಿಯಿಂದಲೂ ಬರುತ್ತದೆ. ವಿಜಯಪುರದ ನನ್ನ ರಿಪೇರಿ ಅಂಗಡಿ ಮುಂದೆ ನಿಂತು ಕೇಳುವವರು ದಿನಕ್ಕೆ ಒಬ್ಬರಾದರೂ ಇದ್ದೇ ಇರುತ್ತಾರೆ. ಮಾತು ಶುರುವಾಗುವುದು ‘ಆಂಡ್ರಾಯ್ಡ್ ಚಲೋನೋ, ಐಫೋನ್ ಚಲೋನೋ’ ಎಂದು. ಎರಡು ನಿಮಿಷ ಕಳೆದ ಮೇಲೆ ಹೊಟ್ಟೆಯೊಳಗಿನ ಮಾತು ಹೊರಬೀಳುತ್ತದೆ: ‘ಕಂತಿನ ಮ್ಯಾಲೆ ಆದ್ರೂ ಐಫೋನ್ ತಗೋತೀನ್ರಿ, ರೊಕ್ಕ ಸೇಫ್ ಇರ್ತಾವಲ್ಲ.’ ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯ್ದಿದೆ. ಈ ಸಲ ಪೂರ್ತಿ ಬರೆದಿಡುತ್ತೇನೆ. ಮನೆಯಲ್ಲಿ ಯಾರಾದರೂ ಹೀಗೆ ಅಂದರೆ ಇದನ್ನೇ ಓದಿ ಹೇಳಿ.

ಮೊದಲು ಹೋಲಿಕೆಯನ್ನು ಮುಗಿಸಿಬಿಡುತ್ತೇನೆ, ಅದರಲ್ಲಿ ಹೇಳುವುದು ಬಹಳ ಇಲ್ಲ. ಫೋನ್‌ಪೇ, ಗೂಗಲ್ ಪೇ, ವಾಟ್ಸಾಪ್, ಕ್ಯಾಮೆರಾ ಎಲ್ಲ ಎರಡರಲ್ಲೂ ಚೆನ್ನಾಗಿಯೇ ನಡೆಯುತ್ತವೆ. 2023ರ ಐಫೋನ್ 15ರಿಂದ ಅದಕ್ಕೂ ಟೈಪ್-ಸಿ ಕೇಬಲ್ಲೇ ಬಂದಿರುವುದರಿಂದ ಮನೆಯಲ್ಲಿ ಎರಡೆರಡು ಚಾರ್ಜರ್ ಇಡುವ ತಾಪತ್ರಯ ಇಲ್ಲ. ಕನ್ನಡದ ವಿಷಯದಲ್ಲಿ ಐಫೋನ್ ಬಹಳ ತಡ ಮಾಡಿತು. ಐಫೋನ್ ನಡೆಸುವ ತಂತ್ರಾಂಶದ ಹೆಸರು ಐಒಎಸ್. ಕನ್ನಡ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ, ಮೆನು, ಸೆಟ್ಟಿಂಗ್ಸ್ ಕನ್ನಡದಲ್ಲಿ ಕಾಣುವಂತಾದದ್ದು 2025ರ ಐಒಎಸ್ 18.4ರಲ್ಲಿ. ಆಂಡ್ರಾಯ್ಡ್‌ನಲ್ಲಿ ಇವೆರಡೂ ವರ್ಷಗಟ್ಟಲೆ ಮೊದಲೇ ಇದ್ದವು. ಹಳೆಯ ಫೋನಿಗೆ ಹೊಸ ಅಪ್‌ಡೇಟ್ ಕೊಡುವುದರಲ್ಲಿ ಮಾತ್ರ ಐಫೋನ್ ಮೊದಲಿನಿಂದಲೂ ಮುಂದು: 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಒಎಸ್ 18 ಸಿಕ್ಕಿತು. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಮಾತು ಕೊಟ್ಟಿವೆ. ಆದರೆ ನಮ್ಮ ಕಡೆ ಜನ ಕೊಳ್ಳುವ ಹತ್ತು-ಹನ್ನೆರಡು ಸಾವಿರದ ಫೋನ್‌ಗಳಲ್ಲಿ ಬಹುಪಾಲಿಗೆ ಆ ಭಾಗ್ಯ ಇಲ್ಲ.

ಸಿಮ್ ಬಗ್ಗೆ ಒಂದು ಮಾತು. ಊರೊಳಗೆ ಒಂದಕ್ಕೆ ಸಿಗ್ನಲ್, ಹೊಲದಲ್ಲಿ ಇನ್ನೊಂದಕ್ಕೆ, ಹಾಗಾಗಿ ನಮಗೆ ಎರಡು ಸಿಮ್ ಬೇಕೇ ಬೇಕು. ನಮ್ಮ ದೇಶದಲ್ಲಿ ಮಾರುವ ಐಫೋನ್‌ಗಳಲ್ಲಿ ಸಾಮಾನ್ಯವಾಗಿ ಕೈಯಲ್ಲಿ ಹಿಡಿಯುವ ಸಿಮ್ ಒಂದೇ ಕೂರುತ್ತದೆ, ಎರಡನೆಯದು ಇ-ಸಿಮ್, ಅಂದರೆ ಫೋನಿನೊಳಗೇ ಇರುವ, ಕಿತ್ತು ತೆಗೆಯಲಾಗದ ಸಿಮ್ ಆಗಬೇಕು. ಫೋನ್ ಕೈಕೊಟ್ಟ ದಿನ ಸಿಮ್ ಕಿತ್ತು ಹಳೇ ಬಟನ್ ಫೋನಿಗೆ ಹಾಕಿಕೊಳ್ಳುವ ರೂಢಿ ಇದ್ದವರು ಇದನ್ನು ಯೋಚಿಸಿಯೇ ಕೊಳ್ಳಿ.

ಇನ್ನು ರೊಕ್ಕದ ವಿಷಯ.

‘ಐಫೋನ್ ಇದ್ದರೆ ಖಾತೆ ಸೇಫ್’ ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೊಂದು ಬೇರು ಇದೆ. ಅದು ಅರ್ಧ ಖರೇ ಇರುವುದರಿಂದಲೇ ಅದನ್ನು ಕೀಳುವುದು ಇಷ್ಟು ಕಷ್ಟ. ವಾಟ್ಸಾಪ್ ಗುಂಪಿನಲ್ಲಿ ಮದುವೆ ಆಮಂತ್ರಣ ಎಂದು ಒಂದು ಫೈಲ್ ಬರುತ್ತದೆ. ಇಲ್ಲವೇ ಆರ್‌ಟಿಒ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರಲ್ಲಿ. ಹೆಸರಿನ ತುದಿಗೆ ‘ಎಪಿಕೆ’ ಎಂದಿರುತ್ತದೆ. ಅದು ಫೋಟೋನೂ ಅಲ್ಲ, ಪಿಡಿಎಫ್ಫೂ ಅಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕುವ ಒಂದು ಆ್ಯಪ್. ಒತ್ತಿದ ಕೂಡಲೇ ‘ಗೊತ್ತಿಲ್ಲದ ಮೂಲದಿಂದ ಹಾಕಲು ಅನುಮತಿ ಕೊಡಲೇ?’ ಎಂದು ಫೋನ್ ಕೇಳುತ್ತದೆ. ಅವಸರದಲ್ಲಿ ಹೂಂ ಅನ್ನುತ್ತೇವೆ. ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಅದಕ್ಕೂ ಹೂಂ. ಅಲ್ಲಿಂದ ಮುಂದೆ ಬ್ಯಾಂಕಿನ ಪ್ರತಿ ಒಟಿಪಿಯೂ ಎಲ್ಲೋ ಕುಳಿತ ಕಳ್ಳನಿಗೂ ಹೋಗುತ್ತದೆ.

ಐಫೋನಿನಲ್ಲಿ ಎಪಿಕೆ ತೆರೆಯುವುದೇ ಇಲ್ಲ. ನಿಮ್ಮ ಎಸ್‌ಎಂಎಸ್ ಪೆಟ್ಟಿಗೆಯನ್ನು ಓದಲು ಅಲ್ಲಿ ಬೇರೆ ಆ್ಯಪ್‌ಗಳಿಗೆ ಬಿಡುವುದಿಲ್ಲ. ಫೋನ್‌ಪೇ ಹೊಸದಾಗಿ ಹಾಕುವಾಗ ಆಂಡ್ರಾಯ್ಡ್‌ನಲ್ಲಿ ನೋಂದಣಿಯ ಎಸ್‌ಎಂಎಸ್ ತಾನೇ ಹೋಗುತ್ತದೆ, ಐಫೋನಿನಲ್ಲಿ ಮೆಸೇಜ್ ತೆರೆದು ನೀವೇ ‘ಸೆಂಡ್’ ಒತ್ತಬೇಕು. ಗಮನಿಸಿದ್ದೀರಾ? ಅದು ತೊಡಕಲ್ಲ, ಅದೇ ಕಾವಲು. ಆಂಡ್ರಾಯ್ಡ್ ಕೂಡ ಕೈಕಟ್ಟಿ ಕುಳಿತಿಲ್ಲ. ಎಸ್‌ಎಂಎಸ್ ಓದುವ, ಪರದೆಯ ಹಿಡಿತ ಪಡೆಯುವ ಅನುಮತಿ ಕೇಳುವ ಇಂಥ ಹೊರಗಿನ ಆ್ಯಪ್‌ಗಳನ್ನು ತಡೆಯುವ ಪ್ರಯೋಗವನ್ನು ಗೂಗಲ್ 2024ರ ಕೊನೆಯಲ್ಲಿ ನಮ್ಮ ದೇಶದಲ್ಲೂ ಶುರು ಮಾಡಿತು. ಆದರೂ ಈ ಒಂದು ದಾರಿಯ ಮಟ್ಟಿಗೆ ಐಫೋನಿನ ಅಗಸಿ ಬಾಗಿಲು ಹೆಚ್ಚು ಭದ್ರ. ಇದನ್ನು ನಾನು ಒಪ್ಪುತ್ತೇನೆ.

ಆದರೆ ನನ್ನ ಅಂಗಡಿಗೆ ಅಳುತ್ತ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಫೋನಿನೊಳಗೆ ಯಾವ ಕಳ್ಳ ಆ್ಯಪ್ಪೂ ಇರುವುದಿಲ್ಲ. ಫೋನ್ ಬಿಚ್ಚಿ ನೋಡಿದರೂ ಇಲ್ಲ, ಸೆಟ್ಟಿಂಗ್ಸ್ ಜಾಲಾಡಿದರೂ ಇಲ್ಲ. ರೊಕ್ಕ ಹೋಗಿರುವುದು ಅವರದೇ ಬೆರಳಿನಿಂದ.

ನನ್ನ ಸೋದರಮಾವನದು ತಿಕೋಟಾ ಕಡೆ ದ್ರಾಕ್ಷಿ ತೋಟ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ತನ್ನ ಐಫೋನನ್ನು ಅಪ್ಪನಿಗೆ ಕೊಟ್ಟಿದ್ದ. ಮಾವ ಒಣದ್ರಾಕ್ಷಿ ಮಾರಲಿಕ್ಕಿದೆ ಎಂದು ಫೋಟೋ ಹಾಕಿದ ಮೇಲೆ ಒಬ್ಬ ಕರೆ ಮಾಡಿದ. ಮಿಲಿಟರಿ ಕ್ಯಾಂಟೀನಿಗೆ ಎರಡು ಕ್ವಿಂಟಾಲ್ ಬೇಕು, ಮುಂಗಡ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ರೊಕ್ಕ ನಿಮಗೆ ಜಮಾ ಆಗುತ್ತದೆ ಎಂದ. ಮಾವ ಪಿನ್ ಹಾಕಿದ. ‘ಬಂದಿಲ್ಲೇನ್ರಿ, ಇನ್ನೊಮ್ಮೆ ಹಾಕ್ರಿ’ ಎಂದ ಆ ಕಡೆಯವ. ಮಾವ ಇನ್ನೊಮ್ಮೆ ಹಾಕಿದ, ಮತ್ತೊಮ್ಮೆ ಹಾಕಿದ. ಮೂರು ಸಲವೂ ಹೋಯಿತು. ಮರುದಿನ ನನ್ನ ಮುಂದೆ ಕುಳಿತು ಅವನು ಕೇಳಿದ ಮೊದಲ ಮಾತು: ‘ಇದು ಐಫೋನ್ ಐತಲ್ಲೋ ತಮ್ಮಾ, ಹೆಂಗ ಹೋತು?’ ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಮೂವತ್ತು ವರ್ಷ ದಲಾಲರ ಹತ್ತಿರ ಪೈಸೆ ಪೈಸೆಗೂ ಜಗಳ ತೆಗೆದ ಮನುಷ್ಯ. ಕೈಯಲ್ಲಿದ್ದುದು ಐಫೋನ್ ಎಂಬ ಒಂದೇ ಧೈರ್ಯಕ್ಕೆ ಅನುಮಾನವನ್ನು ಪಕ್ಕಕ್ಕಿಟ್ಟಿದ್ದ.

ಹೇಗೆ ಹೋಯಿತು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ಯುಪಿಐ ಪಿನ್ ಹಾಕುವ ಪುಟ ಫೋನ್‌ಪೇಯದೂ ಅಲ್ಲ, ಗೂಗಲ್ ಪೇಯದೂ ಅಲ್ಲ, ಆ್ಯಪಲ್‌ನದಂತೂ ಅಲ್ಲವೇ ಅಲ್ಲ. ಅದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಎಲ್ಲ ಆ್ಯಪ್‌ಗಳಿಗೂ ಕೊಟ್ಟಿರುವ ಒಂದೇ ಪುಟ. ನೀವು ಒತ್ತಿದ ಅಂಕಿಗಳು ಅಲ್ಲೇ ಗುಪ್ತಲಿಪಿಯಾಗಿ ನಿಮ್ಮ ಬ್ಯಾಂಕಿಗೆ ಹೋಗುತ್ತವೆ. ಪಿನ್ ಸರಿಯಿದೆಯೇ, ಖಾತೆಗೆ ಜೋಡಿಸಿದ ಫೋನ್ ಇದೇ ಹೌದೇ ಎಂದು ಬ್ಯಾಂಕ್ ನೋಡುತ್ತದೆ. ಎರಡೂ ಹೌದು, ಹಾಗಾಗಿ ರೊಕ್ಕ ಕಳಿಸುತ್ತದೆ. ಫೋನು ಎಂಟು ಸಾವಿರದ್ದೋ ಎಂಬತ್ತು ಸಾವಿರದ್ದೋ ಅದು ಕೇಳುವುದಿಲ್ಲ. ಇಲ್ಲಿ ಬೀಗ ಮುರಿದಿಲ್ಲ, ಯಜಮಾನನೇ ಕೀಲಿ ಹಾಕಿ ತೆಗೆದಿದ್ದಾನೆ. ಅದನ್ನು ತಡೆಯಬಲ್ಲ ಫೋನನ್ನು ಯಾವ ಕಂಪನಿಯೂ ತಯಾರಿಸಿಲ್ಲ.

ರೊಕ್ಕ ಬರಲು ಪಿನ್ ಬೇಡ. ಇದನ್ನು ಗೋಡೆ ಮೇಲೆ ಬರೆಯಿರಿ. ಪಿನ್ ಬೇಕಾಗುವುದು ಕಳಿಸಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ವ್ಯಕ್ತಿಯಿಂದ ವ್ಯಕ್ತಿಗೆ ‘ರೊಕ್ಕ ಕೊಡಿ’ ಎಂದು ಕಳಿಸುವ ವಿನಂತಿಯನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು, ಏಕೆಂದರೆ ಅದರಿಂದ ಮೋಸಹೋದವರು ಬಹಳ ಮಂದಿ. ಕ್ಯೂಆರ್ ಸಂಕೇತ ಹಾಗೇ ಇದೆ, ಕರೆ ಮಾಡುವವರೂ ಹಾಗೇ ಇದ್ದಾರೆ.

ಬೇರೆ ದಾರಿಗಳೂ ಅಷ್ಟೇ. ‘ಗ್ಯಾಸ್ ಕನೆಕ್ಷನ್ ಕಟ್ ಆಗ್ತದ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕ್ರಿ’ ಎನ್ನುತ್ತಾನೆ ಒಬ್ಬ. ಐಫೋನಿನಲ್ಲಿ ಅಂಥ ಆ್ಯಪ್ ಹಾಕಿಸಿ ಅವನು ದೂರದಿಂದ ನಿಮ್ಮ ಫೋನನ್ನು ಒತ್ತಲಾರ, ಅದು ನಿಜ. ಆದರೆ ನೋಡಬಲ್ಲ. ನೀವು ಮೆಸೇಜ್ ತೆರೆದರೆ ಒಳಗಿನ ಒಟಿಪಿ ಅವನಿಗೂ ಕಾಣುತ್ತದೆ, ಅಷ್ಟು ಸಾಕು. ಇನ್ನೊಬ್ಬ ಪಾರ್ಸಲ್ ಹುಡುಗನ ಹೆಸರಲ್ಲಿ ನಕ್ಷತ್ರ ಚಿಹ್ನೆಯ ಒಂದು ನಂಬರ್ ಒತ್ತಿಸುತ್ತಾನೆ, ನಿಮ್ಮ ಕರೆಗಳೆಲ್ಲ, ಕರೆಯಲ್ಲಿ ಬರುವ ಒಟಿಪಿಯೂ ಸೇರಿ, ಅವನ ಕಡೆ ತಿರುಗುತ್ತವೆ. ಈ ತೊಂದರೆ ಎಷ್ಟು ಬೆಳೆಯಿತೆಂದರೆ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹಾಗೆ ಸಂಕೇತ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನೇ ತಡೆಹಿಡಿಯಲು ಹೇಳಿತು. ಅದು ಮೊಬೈಲ್ ಜಾಲದ ಸೌಲಭ್ಯ, ಫೋನಿನದಲ್ಲ. ವಾಟ್ಸಾಪಿನ ಆರು ಅಂಕಿಯ ಸಂಕೇತ ಕೇಳುವವನಿಗೆ, ಪೊಲೀಸ್ ಉಡುಪು ತೊಟ್ಟು ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವನಿಗೆ ನಿಮ್ಮ ಫೋನಿನ ಹಿಂದೆ ಸೇಬಿನ ಗುರುತು ಇದೆಯೋ ಇಲ್ಲವೋ ಬೇಕಾಗಿಯೇ ಇಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ, ಅದನ್ನು ಮನೆಯ ಹಿರಿಯರಿಗೆ ಇವತ್ತೇ ಹೇಳಿ.

‘ಆದ್ರ ಐಫೋನಿಗೆ ವೈರಸ್ ಬರಂಗಿಲ್ಲಲ್ರಿ’ ಎಂದು ಇಷ್ಟಾದ ಮೇಲೂ ಹಟ ಹಿಡಿಯುವ ಹುಡುಗರಿದ್ದಾರೆ. 2015ರಲ್ಲಿ ‘ಎಕ್ಸ್‌ಕೋಡ್‌ಘೋಸ್ಟ್’ ಎಂಬ ಸೋಂಕು ತಗುಲಿದ ಆ್ಯಪ್‌ಗಳು ಆ್ಯಪಲ್‌ನ ಸ್ವಂತ ಆ್ಯಪ್ ಸ್ಟೋರ್‌ನಲ್ಲೇ ಸಿಕ್ಕಿದ್ದವು. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 14.8 ಅವಸರವಾಗಿ ಬಂದದ್ದು, ಏನನ್ನೂ ಒತ್ತದಿದ್ದರೂ ಸಂದೇಶದ ಮೂಲಕ ಪೆಗಾಸಸ್ ಗೂಢಚಾರಿ ತಂತ್ರಾಂಶ ಒಳನುಗ್ಗುತ್ತಿದ್ದ ಒಂದು ದಾರಿಯನ್ನು ಮುಚ್ಚಲು. ಅಂಥದ್ದನ್ನು ನನ್ನ ನಿಮ್ಮಂಥವರ ಮೇಲೆ ಯಾರೂ ಖರ್ಚು ಮಾಡಿ ಬಿಡುವುದಿಲ್ಲ, ಹೆದರಬೇಡಿ. ಆದರೆ ‘ಬರಂಗಿಲ್ಲ’ ಎಂಬ ಮಾತನ್ನು ಮಾತ್ರ ಬಿಡಿ.

ರೊಕ್ಕ ಹೋದ ಮೇಲೆ ಏನು ಎಂಬುದು ಇದಕ್ಕಿಂತ ಮುಖ್ಯ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ಕೊಡಿ, ಜತೆಗೇ ಬ್ಯಾಂಕಿಗೂ ತಿಳಿಸಿ. ಕಳ್ಳ ಆ ರೊಕ್ಕವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮೊದಲು ತಡೆಹಿಡಿಸಬೇಕು, ಹಾಗಾಗಿ ಮೊದಲ ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇಲ್ಲ. ನನ್ನ ಮಾವ ರಾತ್ರಿಯಿಡೀ ಯಾರಿಗೂ ಹೇಳದೆ ಮಲಗಿದ್ದ, ಮರ್ಯಾದೆಗೆ ಅಂಜಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ಹೊಣೆ ಇಲ್ಲ. ಒಟಿಪಿ, ಪಿನ್‌ನಂಥದ್ದನ್ನು ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಮುಚ್ಚಿಟ್ಟ ಒಂದೊಂದು ನಿಮಿಷವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕೈಯಲ್ಲಿ ರೊಕ್ಕ ಇದ್ದು ಆರೇಳು ವರ್ಷ ಒಂದೇ ಫೋನ್ ಇಟ್ಟುಕೊಳ್ಳುವವರು ಐಫೋನ್ ಕೊಳ್ಳಿ, ತಪ್ಪಿಲ್ಲ. ಬಂದ ಫೈಲನ್ನೆಲ್ಲ ಒತ್ತುವ ಅಭ್ಯಾಸ ಬಿಡಲಾಗದ ಹಿರಿಯರಿಗೂ ಅದು ಒಳ್ಳೆಯದು. ಉಳಿದವರು ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ ಒಂದು ಆಂಡ್ರಾಯ್ಡ್ ಕೊಳ್ಳಿ, ಪ್ಲೇ ಸ್ಟೋರ್‌ನ ಹೊರಗಿನ ಯಾವ ಆ್ಯಪನ್ನೂ ಹಾಕಬೇಡಿ. ಭದ್ರತೆಗೋಸ್ಕರ ಅಂತ ಸಾಲ ಮಾಡಿ ಐಫೋನ್ ಕೊಳ್ಳುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಹೊಲದ ಮೇಲಿನ ಸಾಲಕ್ಕಿಂತ ಫೋನಿನ ಕಂತಿಗೆ ಹೆಚ್ಚು ಹೆದರುವ ಮನೆಗಳನ್ನು ನಾನು ನೋಡಿದ್ದೇನೆ.

ಈ ಹೆದರಿಕೆಯದೇ ಇನ್ನೊಂದು ರೂಪ ಪ್ರತಿ ಬೇಸಿಗೆಯಲ್ಲೂ ಅಂಗಡಿಗೆ ಬರುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಏಪ್ರಿಲ್ ಬಂತೆಂದರೆ ‘ಫೋನ್ ಕೆಂಡ ಆಗೇದ್ರಿ, ಹ್ಯಾಕ್ ಆಗೇದನೋ ನೋಡ್ರಿ’ ಎಂದು ಜನ ಬರುತ್ತಾರೆ. ವಿಜಯಪುರದ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಐಫೋನನ್ನು 0ಯಿಂದ 35 ಡಿಗ್ರಿಯೊಳಗೆ ಬಳಸಿ ಎಂದು ಆ್ಯಪಲ್ ತಾನೇ ಹೇಳುತ್ತದೆ. ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲಿ ಕುಳಿತರೂ ಫೋನ್ ಆ ಗೆರೆಯಾಚೆ ಇರುತ್ತದೆ. ಬಿಸಿ ಹೆಚ್ಚಾದಾಗ ಪರದೆ ಮಬ್ಬಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ, ಒಮ್ಮೊಮ್ಮೆ ಫೋನ್ ‘ತಣ್ಣಗಾಗಲಿ’ ಎಂದು ಬರೆದು ಸುಮ್ಮನಾಗುತ್ತದೆ. ಆಂಡ್ರಾಯ್ಡ್ ಮಾಡುವುದೂ ಇದನ್ನೇ. ಇದು ರೋಗವಲ್ಲ, ಬ್ಯಾಟರಿ ಉಳಿಸಿಕೊಳ್ಳುವ ಉಪಾಯ. ಎರಡರೊಳಗೂ ಇರುವುದು ಲಿಥಿಯಂ ಅಯಾನ್ ಬ್ಯಾಟರಿಯೇ, ಬಿಸಿಯಲ್ಲಿ ಚಾರ್ಜ್ ಮಾಡಿದಷ್ಟೂ ಅದರ ಆಯುಷ್ಯ ಕಡಿಮೆಯಾಗುತ್ತದೆ.

ಫ್ರಿಜ್‌ನಲ್ಲಿಟ್ಟು ತಂದವರೂ ಇದ್ದಾರೆ. ಹಾಗೆ ಮಾಡಬೇಡಿ, ತಣ್ಣಗಾದ ಫೋನ್ ಹೊರಗೆ ಬಂದ ಕೂಡಲೇ ಒಳಗೆ ನೀರು ಬೆವರುತ್ತದೆ. ಕವರ್ ತೆಗೆದು, ನೆರಳಿನಲ್ಲಿ, ಗಾಳಿ ಆಡುವ ಕಡೆ ಇಟ್ಟರೆ ಸಾಕು. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಬಾಗಲಕೋಟೆವರೆಗೆ ನಕ್ಷೆ ನೋಡುತ್ತ ಹೋಗುವ ಹುಡುಗರಿಗೆ ಬಿಸಿಲಿನ ಜತೆ ಇನ್ನೊಂದು ಪೆಟ್ಟೂ ಇದೆ. ದೊಡ್ಡ ಎಂಜಿನ್ ಬೈಕಿನ ನಡುಕ ಫೋಟೋ ಅಲುಗದಂತೆ ನೋಡಿಕೊಳ್ಳುವ ಕ್ಯಾಮೆರಾದೊಳಗಿನ ಯಂತ್ರವನ್ನು ಕೆಡಿಸಬಹುದೆಂದು ಆ್ಯಪಲ್ 2021ರಲ್ಲೇ ಎಚ್ಚರಿಸಿದೆ. ಅಂಥ ಯಂತ್ರ ಇರುವ ಆಂಡ್ರಾಯ್ಡ್ ಕ್ಯಾಮೆರಾಗಳಿಗೂ ಅದು ಅನ್ವಯಿಸುತ್ತದೆ. ಫೋನನ್ನು ಕಿಸೆಯಲ್ಲಿಟ್ಟು ದಾರಿಯನ್ನು ಕಿವಿಯಲ್ಲಿ ಕೇಳಿ. ಹೊಲಕ್ಕೆ ಹೋಗುವವರು ಬುತ್ತಿ ಗಂಟಿನ ಪಕ್ಕ, ಗಿಡದ ನೆರಳಿಗೆ ಇಡಿ. ಪಂಪ್‌ಸೆಟ್ ಶೆಡ್ಡಿನ ತಗಡಿನ ಕೆಳಗೆ ನಡುಮಧ್ಯಾಹ್ನ ಚಾರ್ಜಿಗೆ ಹಾಕಬೇಡಿ, ಸಂಜೆ ತಂಪು ಹೊತ್ತಿನಲ್ಲಿ ಮನೆಗೆ ಬಂದು ಹಾಕಿ.